ಗ್ಯಾರೇಜಿನಲ್ಲಿರುವ ತಗಡಿನ ಬಾಲ ಮತ್ತು ವೆಂಡೋವರ್ ಬಾಂಬರ್ ನೆಲೆ: ಓದುಗರೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ಸರ್, ನಾವು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿದ್ದೇವೆ. ಬೆಂಗಳೂರಿನಿಂದ ಮಾವನವರು ಬಂದಿದ್ದಾರೆ. ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು, ವಿಮಾನ ಅಂದರೆ ಪ್ರಾಣ. ಅವರಿಗೆ ಬಾನೆವಿಲ್ ಉಪ್ಪಿನ ಬಯಲು ತೋರಿಸಿ, ಪಕ್ಕದ ವೆಂಡೋವರ್‌ನಲ್ಲಿ ಎರಡನೇ ಮಹಾಯುದ್ಧದ ಕಾಲದ ಬಾಂಬರ್ ನೆಲೆಗೂ ಕರೆದುಕೊಂಡು ಹೋದೆವು. ವಾಪಸ್ ಬರುವಾಗ ಒಂದು ಕಚ್ಚಾ ರಸ್ತೆಯಲ್ಲಿ ಗಾಡಿ ನಿಲ್ಲಿಸಿದ್ದೆವು. ಆಗ 13 ವರ್ಷದ ಮಗ ಒಂದು ತುಕ್ಕು ಹಿಡಿದ ತಗಡಿನ ಸಾಮಾನು ಹೆಕ್ಕಿಕೊಂಡು ಡಿಕ್ಕಿಗೆ ಹಾಕಿದ್ದಾನೆ, ನಮಗೆ ಗೊತ್ತಾಗಿದ್ದು ಮನೆಗೆ ಬಂದ ಮೇಲೆ. ಒಂದೂವರೆ ಅಡಿ ಉದ್ದ ಇರಬಹುದು. ಹಿಂದೆ ಚೌಕಟ್ಟಿನ ಥರ ರೆಕ್ಕೆ, ಮಧ್ಯೆ ಡಬ್ಬಿ ಥರ ಏನೋ ಸಿಕ್ಕಿಕೊಂಡಿದೆ. ಈಗ ಗ್ಯಾರೇಜಿನಲ್ಲಿದೆ. ಮಾವ ಹೇಳುತ್ತಾರೆ, ಅದು ಅಣುಬಾಂಬ್ ಪರೀಕ್ಷೆ ಮಾಡಿದ ಜಾಗ, ವಿಕಿರಣ ಇರುತ್ತೆ ಅಂತ. ನಮ್ಮವರು ಹೇಳುತ್ತಾರೆ, 80 ವರ್ಷ ಹಳೇ ತಗಡು, ಏನಾಗುತ್ತೆ ಅಂತ. ಯಾರ ಮಾತು ಸರಿ? ಅಂಥ ಬೆಂಗಾಡಿನಲ್ಲಿ ಅಷ್ಟು ದೊಡ್ಡ ನೆಲೆ ಯಾಕೆ ಕಟ್ಟಿದರು, ಗುಟ್ಟಾಗಿ ಇಡೋದಕ್ಕಾ? ಯುದ್ಧ ಮುಗಿದ ಮೇಲೆ ವಿಮಾನಗಳನ್ನೆಲ್ಲ ಅಲ್ಲೇ ಮರಳಲ್ಲಿ ಹೂತರಂತೆ, ನಿಜಾನಾ? ಮತ್ತೆ ಅಲ್ಲಿಗೆ ಹೋಗಬಹುದಾ?

ಉತ್ತರ: ಇತಿಹಾಸ ಆಮೇಲೆ. ಮೊದಲು ಗ್ಯಾರೇಜು.

ಆ ಸಾಮಾನನ್ನು ಇನ್ನು ಮುಟ್ಟಬೇಡಿ. ಅಲುಗಾಡಿಸಬೇಡಿ, ತೊಳೆಯಬೇಡಿ, ತುಕ್ಕು ಕೆರೆಯಬೇಡಿ. ನನಗೆ ಕಳಿಸೋಣ ಅಂತ ಹತ್ತಿರ ಹೋಗಿ ಫೋಟೋ ತೆಗೆಯೋದೂ ಬೇಡ. ಮಗನನ್ನೂ ಮನೆಯಲ್ಲಿ ನಾಯಿ ಬೆಕ್ಕು ಇದ್ದರೆ ಅವನ್ನೂ ಆ ಕಡೆ ಬಿಡಬೇಡಿ. ಎಲ್ಲರೂ ಮನೆಯಿಂದ ಹೊರಗೆ ಬಂದು, ಸ್ವಲ್ಪ ದೂರ ಹೋಗಿ, 911ಕ್ಕೆ ಫೋನ್ ಮಾಡಿ. 'ಹಳೇ ಮಿಲಿಟರಿ ಅಭ್ಯಾಸದ ಬಾಂಬಿನ ತುಂಡು ಇರಬಹುದು, ಮಗು ಗೊತ್ತಿಲ್ಲದೆ ತಂದಿದೆ' ಎಂದು ಹೇಳಿದರೆ ಸಾಕು. ಮಿಕ್ಕಿದ್ದು ಅವರ ಕೆಲಸ. ಬೇಕಾದರೆ ಸೇನೆಯ ಬಾಂಬ್ ನಿಷ್ಕ್ರಿಯ ತಂಡವನ್ನು ಅವರೇ ಕರೆಸುತ್ತಾರೆ.

ಇಷ್ಟೊಂದು ಹೆದರಿಸುತ್ತಿದ್ದೀರಲ್ಲ ಅನ್ನಿಸಬಹುದು. ಕಾರಣ ಹೇಳುತ್ತೇನೆ. ನೀವು ಕೊಟ್ಟ ವರ್ಣನೆ ಎಂ38ಎ2 ಅನ್ನೋ ಅಭ್ಯಾಸದ ಬಾಂಬಿನ ಹಿಂಭಾಗಕ್ಕೆ ತುಂಬ ಹೊಂದುತ್ತದೆ. ಯುದ್ಧಕಾಲದಲ್ಲಿ ಅಮೆರಿಕದ ಬಾಂಬ್ ಹಾಕುವ ಹುಡುಗರೆಲ್ಲ ಕಲಿತಿದ್ದು ಇದರ ಮೇಲೆಯೇ. ಇಡೀ ಬಾಂಬು ಸುಮಾರು ನಾಲ್ಕು ಅಡಿ ಉದ್ದ. ತೆಳು ತಗಡಿನ ಕೊಳವೆ, ಒಳಗೆ ಮರಳು ತುಂಬಿದರೆ 100 ಪೌಂಡ್, ಅಂದರೆ ಸುಮಾರು 45 ಕಿಲೋ. 'ಮರಳು ತಾನೇ' ಎಂದು ಜನ ಸುಮ್ಮನಾಗೋದು ಇಲ್ಲೇ. ಬಾಂಬು ಎಲ್ಲಿ ಬಿತ್ತು ಎಂದು ಮೇಲಿರುವ ವಿಮಾನದವರಿಗೆ ಗೊತ್ತಾಗಬೇಕಲ್ಲ? ಅದಕ್ಕೆ ಬಾಲದ ರೆಕ್ಕೆಗಳ ನಡುವೆ ಒಂದು ಡಬ್ಬಿ ಇಡುತ್ತಿದ್ದರು. ಅದರಲ್ಲಿ ಸುಮಾರು 3 ಪೌಂಡ್ ಕೋವಿಮದ್ದು. ಅದಕ್ಕೆ ಕಿಡಿ ಕೊಡಲು ಬೇಟೆ ಕೋವಿಯ ತೋಟಾದಂಥದೇ, ಗುಂಡಿಲ್ಲದ ಒಂದು ಪುಟ್ಟ ತೋಟಾ. ನೆಲಕ್ಕೆ ಬಡಿದ ತಕ್ಷಣ ಮದ್ದು ಸಿಡಿದು ಬೆಳ್ಳನೆ ಹೊಗೆ ಏಳುತ್ತಿತ್ತು, ಮೇಲಿಂದ ಅದನ್ನು ನೋಡಿ ಅಂಕ ಹಾಕುತ್ತಿದ್ದರು.

ಎಲ್ಲ ಡಬ್ಬಿಗಳೂ ಸಿಡಿಯಲಿಲ್ಲ. ಮೆತ್ತನೆ ಮಣ್ಣಿಗೋ ಉಪ್ಪಿನ ಕೆಸರಿಗೋ ಬಿದ್ದವು ಹಾಗೇ ಉಳಿದವು. ಕೋವಿಮದ್ದಿನ ಗುಣ ಏನೆಂದರೆ, ಒಣಗಿದ್ದರೆ ಅದಕ್ಕೆ ವಯಸ್ಸಾಗೋದಿಲ್ಲ. ನಮ್ಮ ಮಲೆನಾಡಾಗಿದ್ದರೆ ನಾಲ್ಕು ಮಳೆಗಾಲಕ್ಕೆ ಕರಗಿ ಹೋಗುತ್ತಿತ್ತೇನೋ. ಮರುಭೂಮಿಯಲ್ಲಿ ತಗಡು ತುಕ್ಕು ಹಿಡಿದು ಸವೆಯುತ್ತದೆ, ಒಳಗಿನ ಮದ್ದು ಮಾತ್ರ ಗಟ್ಟಿಯಾಗಿರುತ್ತದೆ. ಹಾಗಾಗಿ '80 ವರ್ಷ ಹಳೇದು, ಏನೂ ಆಗಲ್ಲ' ಅನ್ನೋದು ಇಲ್ಲಿ ನಡೆಯೋದಿಲ್ಲ. ನಿಮ್ಮಲ್ಲಿರುವ ಡಬ್ಬಿ ಎಂದೋ ಸಿಡಿದು ಖಾಲಿಯಾಗಿರೋದೇ ಹೆಚ್ಚು ಸಂಭವ. ಆದರೆ ಅದನ್ನು ನೋಡಿ ನಿರ್ಧರಿಸೋದು ನಿಮ್ಮ ಕೆಲಸವೂ ಅಲ್ಲ, ಇಲ್ಲಿ ಕೂತಿರುವ ನನ್ನ ಕೆಲಸವೂ ಅಲ್ಲ.

ಬೇರೆ ದಾರಿ ಏನಾದರೂ ಇದೆಯಾ ಎಂದು ನೀವು ಯೋಚಿಸಿರುತ್ತೀರಿ. ಸದ್ದಿಲ್ಲದೆ ತೆಗೆದುಕೊಂಡು ಹೋಗಿ ಸಿಕ್ಕಿದ ಜಾಗದಲ್ಲೇ ಇಟ್ಟು ಬರೋದು ಒಂದು. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಎರಡು ಗಂಟೆ ಹೆದ್ದಾರಿಯಲ್ಲಿ ಅದನ್ನು ಮತ್ತೆ ಕುಲುಕಿಸಿಕೊಂಡು ಹೋಗಬೇಕು. ಪೊಲೀಸ್ ಠಾಣೆಗೆ ನೀವೇ ಒಯ್ದು ಕೊಡೋದೂ ಅದೇ ಕಥೆ. ಹಾಗೆ ಒಬ್ಬರು ಮಾಡಿದ್ದು ನೋಡಿದ್ದೇನೆ, ಇಡೀ ಠಾಣೆ ಖಾಲಿ ಮಾಡಿಸಬೇಕಾಯಿತು. ಕಸದ ಡಬ್ಬಕ್ಕೆ ಹಾಕಿದರೆ ಕಸದ ಲಾರಿಯ ಒತ್ತುವ ಯಂತ್ರಕ್ಕೆ ಸಿಗುತ್ತದೆ, ಅದರ ಬಗ್ಗೆ ಹೇಳೋದೇ ಬೇಡ. ದಂಡ ಗಿಂಡ ಹಾಕುತ್ತಾರಾ ಅನ್ನೋ ಭಯ ಇರಬಹುದು. ಸರ್ಕಾರಿ ಜಾಗದಿಂದ ಇಂಥ ವಸ್ತು ಎತ್ತಿಕೊಂಡು ಬರೋದು ಕಾನೂನಿಗೆ ವಿರುದ್ಧವೇ ಆಗಬಹುದು, ಆ ವಿಷಯದಲ್ಲಿ ನಾನು ಮಾತು ಕೊಡಲಾರೆ. ಆದರೆ ನನ್ನ ಅನುಭವದಲ್ಲಿ, ತಾವಾಗಿ ಫೋನ್ ಮಾಡಿದವರ ಮೇಲೆ ಯಾರೂ ಹರಿಹಾಯ್ದಿಲ್ಲ. ಬಂದವರು 'ಸದ್ಯ, ಹೇಳಿದಿರಲ್ಲ' ಎಂದೇ ಹೋಗಿದ್ದಾರೆ.

ಈಗ ಫೋನ್ ಮಾಡಿ ಬಂದಿದ್ದೀರಿ ಅಂದುಕೊಂಡು ಮುಂದೆ ಬರೆಯುತ್ತೇನೆ.

ಮಾವನವರ ವಿಕಿರಣದ ಮಾತು. ಹಳೇ ಸೇನಾ ನೆಲೆಗಳ ನಕ್ಷೆ, ಕಡತ, ಆಗಿನ ಕಾಲದ ವೈಮಾನಿಕ ಚಿತ್ರ ಇಟ್ಟುಕೊಂಡು ಯಾವ ಜಾಗದಲ್ಲಿ ಏನು ನಡೆದಿತ್ತು ಎಂದು ಹುಡುಕೋದು ನನ್ನ ವೃತ್ತಿ. ಈ ಪ್ರಶ್ನೆ ಬರದ ವಾರವೇ ಇಲ್ಲ. ವೆಂಡೋವರ್‌ನಲ್ಲಿ ಅಣುಬಾಂಬ್ ಸಿಡಿಸಿಲ್ಲ. ಹಿರೋಶಿಮಾ, ನಾಗಾಸಾಕಿಯ ಮೇಲೆ ಬಾಂಬ್ ಹಾಕಿದ 509ನೇ ಕಾಂಪೋಸಿಟ್ ಗ್ರೂಪ್ ಅನ್ನೋ ವಾಯುಪಡೆಯ ತುಕಡಿ ತರಬೇತಾಗಿದ್ದು ಇಲ್ಲಿ, ಅದು ಖರೆ. ಅವರು ಅಭ್ಯಾಸಕ್ಕೆ ಬಳಸಿದ್ದು ಅದೇ ಆಕಾರ, ಅದೇ ತೂಕದ ನಕಲಿ ಬಾಂಬುಗಳನ್ನು. ಕುಂಬಳಕಾಯಿ ಎಂದೇ ಅವಕ್ಕೆ ಹೆಸರು. ಅಸಲಿ ಬಾಂಬಿನ ಪ್ಲುಟೋನಿಯಂ ಹೋಗಿದ್ದು ನ್ಯೂ ಮೆಕ್ಸಿಕೋದ ಕರ್ಟ್‌ಲೆಂಡ್‌ನಿಂದ, ವಿಮಾನದಲ್ಲಿ. ಹಿರೋಶಿಮಾ ಬಾಂಬಿನ ಯುರೇನಿಯಂನ ದೊಡ್ಡ ಭಾಗ ಇಂಡಿಯಾನಾಪೊಲಿಸ್ ಅನ್ನೋ ಯುದ್ಧನೌಕೆಯಲ್ಲಿ ಸಾಗರ ದಾಟಿ, ಬಾಂಬ್ ಹಾಕುವ ವಿಮಾನಗಳು ಹೊರಟ ಟಿನಿಯನ್ ದ್ವೀಪ ಮುಟ್ಟಿತು.

ಹಾಗಾದರೆ ಜನರಿಗೆ ಈ ಗೊಂದಲ ಎಲ್ಲಿಂದ ಬಂತು? ಅದಕ್ಕೂ ಕಾರಣ ಇದೆ. 1945ರ ಜುಲೈ 16ರಂದು ಜಗತ್ತಿನ ಮೊದಲ ಅಣುಸ್ಫೋಟ ನಡೆದದ್ದು ನ್ಯೂ ಮೆಕ್ಸಿಕೋದ ಅಲಮೊಗೊರ್ಡೊ ಬಾಂಬಿಂಗ್ ರೇಂಜಿನಲ್ಲಿ. ಅದೂ ಮರುಭೂಮಿ, ಅದೂ ಬಾಂಬರ್ ಹುಡುಗರು ಅಭ್ಯಾಸ ಮಾಡಿದ ಬಯಲೇ. 1951ರ ಜನವರಿಯಿಂದ ಒಂದರ ಹಿಂದೊಂದು ಬಾಂಬ್ ಸಿಡಿಸಿದ ನೆವಾಡಾ ಪರೀಕ್ಷಾ ಜಾಗವೂ ಲಾಸ್ ವೇಗಸ್‌ನ ಬಾಂಬಿಂಗ್ ಮತ್ತು ಗನ್ನರಿ ರೇಂಜಿನಿಂದಲೇ ಕತ್ತರಿಸಿಕೊಂಡ ತುಂಡು. ಅಲ್ಲಿನ ವಿಕಿರಣದ ಬೂದಿ ಗಾಳಿಯಲ್ಲಿ ತೇಲಿ ಯೂಟಾದ ದಕ್ಷಿಣ ಭಾಗಕ್ಕೆ ಬಂದು ಬಿತ್ತು, ಸೇಂಟ್ ಜಾರ್ಜ್ ಕಡೆಯವರು ಇವತ್ತಿಗೂ ಅದನ್ನು ಮರೆತಿಲ್ಲ. ಇವೆಲ್ಲ ಸೇರಿ ಜನರ ಬಾಯಲ್ಲಿ ಒಂದೇ ಮರುಭೂಮಿಯಾಗಿಬಿಟ್ಟಿದೆ. ಇನ್ನೊಂದು ತಮಾಷೆ ಕೇಳಿ. ಅಣುಬಾಂಬ್ ಯೋಜನೆಯವರು ವೆಂಡೋವರ್‌ಗೆ ಇಟ್ಟಿದ್ದ ಗುಪ್ತ ಹೆಸರು ಕಿಂಗ್‌ಮನ್. ಅದೇ ಹೆಸರಿನ ಊರು ಅರಿಜೋನಾದಲ್ಲಿದೆ, ಅಲ್ಲೂ ಒಂದು ಯುದ್ಧಕಾಲದ ನೆಲೆ ಇತ್ತು. ಈಗ ಆ ಊರಿಗೆ ಹೋದವರೂ 'ಇಲ್ಲಿ ಅಣುಬಾಂಬ್ ಇತ್ತಂತೆ' ಎಂದು ಕೇಳುತ್ತಾರೆ.

ಹಾಗಂತ ಹಳೇ ಏರ್‌ಫೀಲ್ಡುಗಳಲ್ಲಿ ವಿಕಿರಣ ಸುಳ್ಳೇ ಸುಳ್ಳು ಎಂದೂ ಹೇಳಲಾರೆ. ಆ ಕಾಲದ ವಿಮಾನದ ಗಡಿಯಾರ, ಎತ್ತರ ತೋರಿಸುವ ಮೀಟರು ಇವು ಕತ್ತಲಲ್ಲಿ ಹೊಳೆಯಲಿ ಎಂದು ರೇಡಿಯಂ ಬೆರೆಸಿದ ಬಣ್ಣ ಬಳಿಯುತ್ತಿದ್ದರು. ರೇಡಿಯಂ ಇನ್ನೂ ಸಾವಿರಾರು ವರ್ಷ ಜೀವಂತ. ನೆಲೆಯ ಹಳೇ ಕಸದ ಗುಂಡಿಗಳಲ್ಲಿ, ಹಳೇ ಸಾಮಾನಿನ ಅಂಗಡಿಗಳಲ್ಲಿ ಅಂಥ ಮೀಟರು ಸಿಗುತ್ತವೆ. ಗಾಜು ಒಡೆದದ್ದನ್ನು ಮನೆಗೆ ತರಬೇಡಿ ಎಂದು ಮಾವನವರಿಗೆ ವಿಶೇಷವಾಗಿ ಹೇಳಿ, ವಿಮಾನದ ಹುಚ್ಚಿರುವವರು ಮೊದಲು ಕೊಳ್ಳೋದೇ ಅದನ್ನು. ಇನ್ನು ನಮ್ಮಂಥವರು ಇಂಥ ಜಾಗಕ್ಕೆ ಕಾಲಿಟ್ಟಾಗ ಮೊದಲು ಹುಡುಕೋದು ನೆಲದಡಿಯ ಪೆಟ್ರೋಲ್ ಟ್ಯಾಂಕಿನ ಸೋರಿಕೆ, ಕಟ್ಟಡದ ಕಲ್ನಾರು (ಆಸ್ಬೆಸ್ಟಾಸ್), ಸೀಸದ ಬಣ್ಣ ಇವನ್ನೇ. ಇವುಗಳಲ್ಲಿ ಕಥೆ ಇಲ್ಲ, ಹಾಗಾಗಿ ಯಾರೂ ಕೇಳೋದೂ ಇಲ್ಲ.

ಸರಿ, ಅಲ್ಲೇ ಯಾಕೆ ಕಟ್ಟಿದರು? ಗುಟ್ಟಿಗೆ ಅಂತೂ ಅಲ್ಲ. ನೆಲೆಯ ಕೆಲಸ ಶುರುವಾಗಿದ್ದು 1940ರ ಕೊನೆಯಲ್ಲಿ, ಆಗ ಅಣುಬಾಂಬ್ ಅನ್ನೋದು ವಿಜ್ಞಾನಿಗಳ ಕಾಗದದ ಮೇಲಿತ್ತು ಅಷ್ಟೇ. ಅಮೆರಿಕ ಇನ್ನೂ ಯುದ್ಧಕ್ಕೇ ಇಳಿದಿರಲಿಲ್ಲ, ಆದರೆ ಇಳಿಯಬೇಕಾಗುತ್ತದೆ ಎಂದು ಸೇನೆಗೆ ಗೊತ್ತಿತ್ತು. ಅವರಿಗೆ ಬೇಕಾಗಿದ್ದು ವರ್ಷವಿಡೀ ಹಾರಬಲ್ಲಂಥ ಹವೆ, ಬಾಂಬ್ ಹಾಕಿದರೆ ಯಾರ ತಲೆ ಮೇಲೂ ಬೀಳದಂಥ ಬಯಲು, ಸಾಮಾನು ತರಲು ರೈಲು. ವೆಂಡೋವರ್ ವೆಸ್ಟರ್ನ್ ಪೆಸಿಫಿಕ್ ರೈಲಿನ ದಾರಿಯಲ್ಲಿತ್ತು. ಸಮುದ್ರ ತೀರದಿಂದ ದೂರ, ಅಂದರೆ ಜಪಾನಿನ ನೌಕಾಪಡೆಯ ಕೈಗೆ ಸಿಗದಷ್ಟು ಒಳಗೆ. ಭೂಮಿ ಬಹುಪಾಲು ಸರ್ಕಾರದ್ದೇ. ಊರಲ್ಲಿ ಇದ್ದವರು ನೂರು ಚಿಲ್ಲರೆ ಜನ.

ಸುಮಾರು 18 ಲಕ್ಷ ಎಕರೆ ಬಾಂಬ್ ಬಯಲಿಗೆಂದು ತೆಗೆದುಕೊಂಡರು. ಲೆಕ್ಕ ಹಾಕಿದರೆ 7,000 ಚದರ ಕಿಲೋಮೀಟರಿಗೂ ಜಾಸ್ತಿ, ನಮ್ಮ ಹಾಸನ ಜಿಲ್ಲೆಗಿಂತ ದೊಡ್ಡದು. 'ಖಾಲಿ ಜಾಗ' ಅನ್ನೋ ಮಾತನ್ನು ಮಾತ್ರ ಪೂರ್ತಿ ನಂಬಬೇಡಿ. ದನ, ಕುರಿ ಮೇಯಿಸುತ್ತಿದ್ದವರು ನಮ್ಮ ಹುಲ್ಲುಗಾವಲು ಹೋಯಿತು ಎಂದು ಆಗಲೇ ತಕರಾರು ತೆಗೆದಿದ್ದರು. ಅವರಿಗೂ ಬಹಳ ಹಿಂದಿನಿಂದ ಗೊಶೂಟ್ ಅನ್ನೋ ಮೂಲನಿವಾಸಿ ಜನ ಆ ಸೀಮೆಯಲ್ಲಿ ಬದುಕುತ್ತಿದ್ದರು, ಈಗಲೂ ಇದ್ದಾರೆ. ಸೇನೆಯ ಕಡತಗಳಲ್ಲಿ 'ಖಾಲಿ' ಅಂದರೆ ತಕರಾರು ತೆಗೆದರೂ ಕೇಳುವವರಿಲ್ಲದ ಜಾಗ ಎಂದು ನಾನು ಓದಿಕೊಳ್ಳುತ್ತೇನೆ.

1943ರ ಕೊನೆಗೆ ಆ ನೂರು ಜನರ ಊರಲ್ಲಿ 17,500 ಸೈನಿಕರು, ಜೊತೆಗೆ ಸುಮಾರು 2,000 ಕೆಲಸಗಾರರು. ಕುಡಿಯುವ ನೀರನ್ನು ಪೈಲಟ್ ಪೀಕ್ ಬೆಟ್ಟದ ಬುಗ್ಗೆಯಿಂದ ಕೊಳವೆಯಲ್ಲಿ ತರಬೇಕಿತ್ತು. ಮರದ ಚೌಕಟ್ಟಿಗೆ ಡಾಂಬರು ಕಾಗದ ಹೊಡೆದ ಬ್ಯಾರಕ್ಕು, ನಡುವೆ ಕಲ್ಲಿದ್ದಲ ಒಲೆ. ಬೇಸಿಗೆಯಲ್ಲಿ ಬೇಯಬೇಕು, ಚಳಿಗಾಲದಲ್ಲಿ ನಡುಗಬೇಕು. ಸೈನಿಕರನ್ನು ನಗಿಸಲು ಬಂದ ಬಾಬ್ ಹೋಪ್ ಊರಿನ ಹೆಸರನ್ನೇ ತಿರುಚಿ 'ಲೆಫ್ಟೋವರ್', ಅಂದರೆ ತಿಂದು ಮಿಕ್ಕಿದ್ದು, ಎಂದು ಕರೆದು ಹೋದರಂತೆ.

ನೀವು ನೋಡಿರುತ್ತೀರಿ, ರನ್‌ವೇಗಳು ಒಂದನ್ನೊಂದು ಕತ್ತರಿಸಿ ತ್ರಿಕೋನದ ಥರ ಇವೆ. ಅದರಲ್ಲಿ ರಹಸ್ಯ ಏನಿಲ್ಲ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಬಯಲಿನಲ್ಲಿ ಗಾಳಿ ಯಾವ ಕಡೆಯಿಂದಲಾದರೂ ಬೀಸುತ್ತದೆ. ಹಾಗಾಗಿ ಎರಡು ಮೂರು ದಿಕ್ಕಿಗೆ ರನ್‌ವೇ ಹಾಕಿ ಇಟ್ಟರು. ಉದ್ದ ಯಾಕೆ ಅಷ್ಟು ಅನ್ನೋದು ಮಾತ್ರ ಕುತೂಹಲದ ವಿಷಯ, ಅದು ಮರುಭೂಮಿ ನೆಲೆಗಳ ದೊಡ್ಡ ತಲೆನೋವಿನ ಕಥೆಯೂ ಹೌದು. ಕಾದ ಗಾಳಿ ತೆಳು. ತೆಳು ಗಾಳಿಯಲ್ಲಿ ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ, ಪ್ರೊಪೆಲ್ಲರಿಗೆ ಹಿಡಿತ ಕಡಿಮೆ. ವೆಂಡೋವರ್ ಸಮುದ್ರಮಟ್ಟದಿಂದ ಸುಮಾರು 1,290 ಮೀಟರ್ ಎತ್ತರದಲ್ಲಿದೆ. 38 ಡಿಗ್ರಿ ಸೆಕೆಯ ಮಧ್ಯಾಹ್ನ ಅಲ್ಲಿಂದ ಹೊರಟರೆ, ವಿಮಾನದ ಲೆಕ್ಕಕ್ಕೆ ಅದು ಸುಮಾರು 2,400 ಮೀಟರ್ ಎತ್ತರದಿಂದ ಹೊರಟ ಹಾಗೆ. ನಾಲ್ಕು ಎಂಜಿನ್ನಿನ, ಪೆಟ್ರೋಲ್ ತುಂಬಿದ ವಿಮಾನ, ಅದನ್ನು ನಡೆಸುವವನಿಗೆ 21-22 ವರ್ಷ. ರನ್‌ವೇ ಮುಗಿಯುತ್ತಾ ಬಂದರೂ ಚಕ್ರ ನೆಲ ಬಿಡದಿದ್ದರೆ ಏನು ಮಾಡಬೇಕು? ಅದನ್ನು ಪುಸ್ತಕದಲ್ಲಿ ಕಲಿಸೋದಕ್ಕೆ ಆಗೋದಿಲ್ಲ. ನೆಲದ ಮೇಲೆ ಲೋಹ ಮುಟ್ಟಿದರೆ ಕೈ ಸುಡುತ್ತಿತ್ತು. ಮೇಲೆ 25,000 ಅಡಿಗೆ ಹೋದರೆ ಸೊನ್ನೆಗಿಂತ 30 ಡಿಗ್ರಿ ಕೆಳಗೆ, ಆಮ್ಲಜನಕದ ಮುಖವಾಡ ಇಲ್ಲದೆ ಬದುಕಿಲ್ಲ. ಹುಡುಗರು ದಪ್ಪ ಉಡುಪು ತೊಟ್ಟು ಕೆಳಗೆ ಬೆವರಿನಲ್ಲಿ ನೆನೆದು ಹೋಗುತ್ತಿದ್ದರು, ಆ ಬೆವರೇ ಮೇಲೆ ಮೈಮೇಲೆ ಹೆಪ್ಪುಗಟ್ಟುತ್ತಿತ್ತು.

ಕಲಿಕೆ ಒಂದೇ ಕಡೆ ನಡೆಯುತ್ತಿರಲಿಲ್ಲ. ಬಾಂಬ್ ಹಾಕುವವನು ಮೊದಲು ನ್ಯೂ ಮೆಕ್ಸಿಕೋ, ಟೆಕ್ಸಸ್ ರಾಜ್ಯಗಳ ಡೆಮಿಂಗ್, ಕಾರ್ಲ್ಸ್‌ಬ್ಯಾಡ್, ರಾಸ್‌ವೆಲ್, ಮಿಡ್‌ಲ್ಯಾಂಡ್‌ನಂಥ ಕಡೆ 12ರಿಂದ 18 ವಾರ ಕಲಿಯಬೇಕು. ಒಬ್ಬೊಬ್ಬನೂ ಸುಮಾರು 160 ಬಾಂಬ್ ಹಾಕುತ್ತಿದ್ದ, ಪ್ರತಿಯೊಂದರ ಲೆಕ್ಕ ಇಡುತ್ತಿದ್ದರು, 100ಕ್ಕೆ 12 ಜನ ಅನುತ್ತೀರ್ಣರಾಗಿ ಮನೆಗೋ ಬೇರೆ ಕೆಲಸಕ್ಕೋ ಹೋಗುತ್ತಿದ್ದರು. ಮೆಷಿನ್‌ಗನ್ನಿನವರು ಕಿಂಗ್‌ಮನ್‌ನಂಥ ಶಾಲೆಯಲ್ಲಿ, ಲಾರಿಯ ಹಿಂದೆ ನಿಂತು ಹಾರುವ ಮಣ್ಣಿನ ಬಿಲ್ಲೆಗೆ ಗುರಿ ಇಡೋದರಿಂದ ಶುರು ಮಾಡಿ, ಕೊನೆಗೆ ವಿಮಾನದಿಂದ ಇನ್ನೊಂದು ವಿಮಾನ ಎಳೆಯುವ ಬಟ್ಟೆಯ ಗುರಿಗೆ ಹೊಡೆಯುತ್ತಿದ್ದರು. ಯಾರ ಗುಂಡು ತಾಗಿತು ಎಂದು ತಿಳಿಯಲು ಗುಂಡಿನ ತುದಿಗೆ ಬೇರೆ ಬೇರೆ ಬಣ್ಣ. ಆಮೇಲೆ ಹತ್ತು ಜನರ ತಂಡ ಕಟ್ಟಿ ವೆಂಡೋವರ್‌ನಂಥ ನೆಲೆಗೆ ಕಳಿಸುತ್ತಿದ್ದರು. ಬಿ-17, ಬಿ-24 ಅನ್ನೋ ನಾಲ್ಕು ಎಂಜಿನ್ನಿನ ಬಾಂಬರ್ ಹಾರಿಸುವ 20ರಷ್ಟು ಗ್ರೂಪುಗಳು ಇಲ್ಲಿ ಕಲಿತು ಹೋದವು. ಅವರಿಗೆಂದು ಉಪ್ಪಿನಲ್ಲೇ ಒಂದು ಊರನ್ನು, ನಿಜದಷ್ಟೇ ದೊಡ್ಡ ಯುದ್ಧನೌಕೆಯ ಆಕಾರವನ್ನು ಕಟ್ಟಿ ಗುರಿಗೆ ಇಟ್ಟಿದ್ದರು. ಇದನ್ನು ಸೇನೆಯ ಶಸ್ತ್ರ ಪರೀಕ್ಷಾ ಜಾಗವಾದ ಪಕ್ಕದ ಡಗ್‌ವೇಯಲ್ಲಿ 1943ರಲ್ಲಿ ಕಟ್ಟಿದ 'ಜರ್ಮನ್ ಹಳ್ಳಿ', 'ಜಪಾನಿ ಹಳ್ಳಿ' ಜೊತೆ ಗೊಂದಲ ಮಾಡಿಕೊಳ್ಳುತ್ತಾರೆ. ಅದು ಗುರಿ ಅಭ್ಯಾಸಕ್ಕಲ್ಲ, ಮನೆಗೆ ಬೆಂಕಿ ಹೇಗೆ ಹತ್ತುತ್ತದೆ ಎಂದು ಪರೀಕ್ಷಿಸಲು. ಜಪಾನಿ ಮನೆಗಳ ನಕ್ಷೆ ಮಾಡಿಕೊಟ್ಟವರು ಆಂಟೊನಿನ್ ರೇಮಂಡ್, ನಮ್ಮ ಪುದುಚೇರಿಯಲ್ಲಿ ಅರವಿಂದಾಶ್ರಮದ ಗೋಲ್ಕೊಂಡ ಕಟ್ಟಡ ಕಟ್ಟಿದ ಅದೇ ವಾಸ್ತುಶಿಲ್ಪಿ.

ಗುರಿ ತಪ್ಪಿದ್ದೂ ಉಂಟು. 1943ರ ಜುಲೈ 5ರ ರಾತ್ರಿ ಟೆಕ್ಸಸ್‌ನ ಡಾಲ್‌ಹಾರ್ಟ್ ನೆಲೆಯಿಂದ ಹೊರಟ ಒಂದು ಬಿ-17, ಅಭ್ಯಾಸದ ಗುರಿಯ ನಾಲ್ಕು ದೀಪ ಎಂದುಕೊಂಡು ಓಕ್ಲಹೋಮಾದ ಬಾಯ್ಸಿ ಸಿಟಿ ಅನ್ನೋ ಊರಿನ ಕೋರ್ಟಿನ ಚೌಕದ ದೀಪಗಳನ್ನು ನೋಡಿತು. ಆರು ಅಭ್ಯಾಸದ ಬಾಂಬು ಊರಿನ ಮೇಲೇ ಬಿದ್ದವು. ಒಂದು ಯಾರದೋ ಗ್ಯಾರೇಜಿಗೆ, ಇನ್ನೊಂದು ಚರ್ಚಿನ ಪಕ್ಕಕ್ಕೆ. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ. ಬಿದ್ದಲ್ಲೆಲ್ಲ ಗುಂಡಿ ಮಾತ್ರ ಬಿದ್ದಿತ್ತು, ಮರಳು ತುಂಬಿದ್ದಕ್ಕೂ.

ನನ್ನ ಅಭಿಪ್ರಾಯ ಒಂದಿದೆ, ಒಪ್ಪದವರೂ ಇದ್ದಾರೆ. ಮರುಭೂಮಿಯ ಶುಭ್ರ ಆಕಾಶ ತರಬೇತಿಗೆ ವರ ಎಂದು ಎಲ್ಲರೂ ಬರೆಯುತ್ತಾರೆ. ದಿನ ಎಣಿಸಿದರೆ ಹೌದು. ಆದರೆ ನಾರ್ಡನ್ ಗುರಿಯಂತ್ರಕ್ಕೆ ಕಣ್ಣಿಟ್ಟು ಗುರಿ ಕಾಣಬೇಕು, ಕಂಡರೆ ಮಾತ್ರ ಅದು ಕೆಲಸ ಮಾಡೋದು. ನ್ಯೂ ಮೆಕ್ಸಿಕೋದಲ್ಲಿ ಗುರಿಯ ಬಿಳಿ ವೃತ್ತ ಹತ್ತಾರು ಮೈಲಿಯಿಂದ ಕಾಣುತ್ತದೆ, ಕೆಳಗಿನಿಂದ ಯಾರೂ ಗುಂಡು ಹೊಡೆಯೋದಿಲ್ಲ. ಅದನ್ನೇ ಕಲಿತ ಹುಡುಗ ಜರ್ಮನಿಯ ಮೇಲೆ ಹೋದರೆ ಕೆಳಗೆ ಬರೀ ಮೋಡ, ಹೊಗೆ, ಸುತ್ತ ಸಿಡಿಯುವ ಗುಂಡು. ಯುದ್ಧದ ನಂತರ ಅಮೆರಿಕ ಸರ್ಕಾರವೇ ಮಾಡಿಸಿದ ಸಮೀಕ್ಷೆ ಪ್ರಕಾರ, ನಿರ್ದಿಷ್ಟ ಗುರಿಗೆ ಎಂದು ಹಾಕಿದ ಬಾಂಬುಗಳಲ್ಲಿ ಗುರಿಯ 1,000 ಅಡಿ ಒಳಗೆ ಬಿದ್ದವು 100ಕ್ಕೆ 20ರಷ್ಟು. ಎಲ್ಲ ತಪ್ಪನ್ನೂ ತರಬೇತಿಯ ತಲೆಗೆ ಕಟ್ಟಲಾಗದು. ಆದರೂ ಬಿಸಿಲಿನಲ್ಲಿ ಕಲಿತ ಪಾಠ ಮೋಡದಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರಲಿಲ್ಲ ಅನ್ನೋದು ನಿಜ.

ವೆಂಡೋವರ್ ಅಂದರೆ ಅಣುಬಾಂಬ್ ಎಂದಷ್ಟೇ ನೆನೆಯೋದು ನನಗೆ ಸರಿ ಕಾಣೋದಿಲ್ಲ, ಅದಕ್ಕೂ ಇದೇ ಕಾರಣ. 509ನೇ ಗ್ರೂಪಿನ ಮುಖ್ಯಸ್ಥ ಪಾಲ್ ಟಿಬೆಟ್ಸ್ ಈ ನೆಲೆ ಆರಿಸಿಕೊಂಡದ್ದು 1944ರ ಸೆಪ್ಟೆಂಬರಿನಲ್ಲಿ, 509ನೇ ಗ್ರೂಪ್ ಅಧಿಕೃತವಾಗಿ ಶುರುವಾಗಿದ್ದು ಡಿಸೆಂಬರ್ 17ಕ್ಕೆ. ಸುಮಾರು 1,770 ಜನ, ಬಾಂಬ್ ಏನೆಂದು ಅವರಲ್ಲಿ ಬಹುತೇಕರಿಗೆ ಗೊತ್ತೇ ಇರಲಿಲ್ಲ. ಬಾಂಬ್ ಬಿಟ್ಟ ತಕ್ಷಣ 155 ಡಿಗ್ರಿ ತಿರುಗಿ, ಇಳಿಯುತ್ತಾ ಓಡಿಹೋಗೋದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರು, ಬೇಸಿಗೆಗೆ ಮುಂಚೆಯೇ ಟಿನಿಯನ್ ಕಡೆ ಹೊರಡಲು ಶುರು ಮಾಡಿದರು. ಅವರಿಗಿಂತ ಮುಂಚೆ ಎರಡು ವರ್ಷಕ್ಕೂ ಮಿಕ್ಕಿ ಇದೇ ರನ್‌ವೇಯಿಂದ 306ನೇ ಗ್ರೂಪ್, 100ನೇ ಗ್ರೂಪ್‌ನಂಥವು ಕಲಿತು ಯುರೋಪಿಗೆ ಹೋದವು. 1943ರ ಅಕ್ಟೋಬರ್ 10ರಂದು ಜರ್ಮನಿಯ ಮ್ಯೂನ್‌ಸ್ಟರ್ ನಗರದ ಮೇಲೆ 100ನೇ ಗ್ರೂಪ್‌ನ 13 ವಿಮಾನ ಹೋದವು, ವಾಪಸ್ ಬಂದದ್ದು ಒಂದು.

ಶತ್ರುವಿನ ಮುಖವನ್ನೇ ನೋಡದೆ ಸತ್ತವರೂ ಕಡಿಮೆ ಇಲ್ಲ. 1941ರ ಡಿಸೆಂಬರಿನಿಂದ 1945ರ ಆಗಸ್ಟ್‌ವರೆಗೆ ಅಮೆರಿಕದ ನೆಲದ ಮೇಲೆಯೇ ಸೇನಾ ವಾಯುಪಡೆಗೆ 52,651 ವಿಮಾನ ಅಪಘಾತಗಳಾದವು, 14,903 ಜನ ಸತ್ತರು. ಇದು ಅವರದೇ ಅಂಕಿಅಂಶ. ಇಡೀ ದೇಶದ್ದು, ಮರುಭೂಮಿಯದಷ್ಟೇ ಅಲ್ಲ. ಕಡತದಲ್ಲಿ ಕಾರಣ ಅನ್ನೋ ಜಾಗದಲ್ಲಿ ನಾನು ಹೆಚ್ಚಾಗಿ ಓದೋದು ಎಂಜಿನ್ ಬೆಂಕಿ, ಕತ್ತಲಲ್ಲಿ ಬೆಟ್ಟ, ಗುಂಪಿನಲ್ಲಿ ಹಾರುವಾಗ ಡಿಕ್ಕಿ. ಬಹಳಷ್ಟು ಕಡೆ 'ಚಾಲಕನ ತಪ್ಪು' ಎಂದು ಬರೆದು ಕೈತೊಳೆದುಕೊಂಡಿದ್ದಾರೆ. ಮೂರು ತಿಂಗಳ ಹಿಂದೆ ಒಂದು ಎಂಜಿನ್ನಿನ ವಿಮಾನ ಹಾರಿಸುತ್ತಿದ್ದವನ ಕೈಗೆ ಬಿ-24 ಕೊಟ್ಟು ರಾತ್ರಿ ಕಳಿಸಿದರೆ ತಪ್ಪು ಯಾರದು ಅಂತ ಯಾರೂ ಬರೆದಿಟ್ಟಿಲ್ಲ.

ವಿಮಾನ ಹೂತಿಟ್ಟ ಕಥೆ. ಬಿದ್ದ ವಿಮಾನದ ಚೂರುಪಾರನ್ನು ಅಲ್ಲೇ ಗುಂಡಿ ತೋಡಿ ಹಾಕಿದ್ದುಂಟು, ಇಡೀ ವಿಮಾನಗಳನ್ನು ಸಾಲಾಗಿ ಹೂತಿದ್ದಾರೆ ಅನ್ನೋದು ಬರೀ ಮಾತು. ಅಲ್ಯೂಮಿನಿಯಂ ಅಂದರೆ ದುಡ್ಡು, ಹೂಳುವುದು ಯಾಕೆ? ಅರಿಜೋನಾದ ಅದೇ ಕಿಂಗ್‌ಮನ್ ನೆಲೆಯನ್ನು ಯುದ್ಧದ ನಂತರ ಬೇಡದ ವಿಮಾನಗಳ ಗೋದಾಮು ಮಾಡಿದರು. 5,000ಕ್ಕೂ ಹೆಚ್ಚು ವಿಮಾನ ಬಂದು ನಿಂತವು. ಕೆಲವು ಕಾರ್ಖಾನೆಯಿಂದ ನೇರ ಅಲ್ಲಿಗೇ ಬಂದಿದ್ದವು. 1946ರಲ್ಲಿ ಒಬ್ಬ ಗುತ್ತಿಗೆದಾರರು ಅವನ್ನು 30 ಲಕ್ಷ ಡಾಲರಿಗೂ ಕಡಿಮೆಗೆ ಕೊಂಡರು, ಕತ್ತರಿಸಿ, ಕುಲುಮೆಗೆ ಹಾಕಿ, ಗಟ್ಟಿ ಎರಕ ಹೊಯ್ದು ಮಾರಿದರು. ವಿಮಾನದ ಟ್ಯಾಂಕಿನಲ್ಲಿ ಉಳಿದಿದ್ದ ಪೆಟ್ರೋಲೂ ಬಿಡಲಿಲ್ಲ.

ಮಾವನವರಿಗೆ ಖುಷಿಯಾಗುವ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಭಾರತದಲ್ಲೂ ಯುದ್ಧದ ನಂತರ ಬ್ರಿಟಿಷರು ಬಿ-24 ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟು ಹೋದರು, ಮತ್ತೆ ಹಾರದ ಹಾಗೆ ಕೆಡಿಸಿಯೇ ಹೋದರು. ನಮ್ಮ ಎಚ್‌ಎಎಲ್‌ನವರು, ಆಗ ಅದು ಹಿಂದೂಸ್ತಾನ್ ಏರ್‌ಕ್ರಾಫ್ಟ್, 1948ರಲ್ಲಿ ಅವನ್ನು ಅಲ್ಲೇ ತಾತ್ಕಾಲಿಕವಾಗಿ ರಿಪೇರಿ ಮಾಡಿದರು. ಜಮ್‌ಶೆಡ್ ಮುನ್ಷಿ ಅನ್ನೋ ಚಾಲಕರು ಒಂದೊಂದನ್ನೇ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಸಿದ್ಧ ಮಾಡಿ ವಾಯುಪಡೆಗೆ ಕೊಟ್ಟದ್ದು 1968ರವರೆಗೂ ಹಾರಿದವು. ಅಮೆರಿಕದವರು ಸಾವಿರಗಟ್ಟಲೆ ಕರಗಿಸಿದ್ದ ವಿಮಾನ, ಕೊನೆಗೆ ವಸ್ತುಸಂಗ್ರಹಾಲಯಕ್ಕೆ ಬೇಕೆಂದಾಗ ನಮ್ಮಲ್ಲಿತ್ತು. ಹಾಗೆ 1969ರಲ್ಲಿ ಭಾರತದಿಂದ ಹಾರಿಹೋದ ಒಂದು ಲಿಬರೇಟರ್ ಈಗ ಅರಿಜೋನಾದ ಟೂಸಾನ್‌ನಲ್ಲಿ, ಪಿಮಾ ವಿಮಾನ ವಸ್ತುಸಂಗ್ರಹಾಲಯದಲ್ಲಿದೆ. ಪಕ್ಕದ ಡೇವಿಸ್-ಮಾಂಥನ್ ನೆಲೆಯಲ್ಲೇ ಯುದ್ಧಕಾಲದಲ್ಲಿ ಬಿ-24 ತಂಡಗಳು ತರಬೇತಾಗಿದ್ದವು.

ಕೊನೇ ಪ್ರಶ್ನೆ, ಮತ್ತೆ ಹೋಗಬಹುದಾ. ಧಾರಾಳವಾಗಿ ಹೋಗಿ. ವೆಂಡೋವರ್ ಏರ್‌ಫೀಲ್ಡ್ ಈಗ ಟುವಿಲಾ ಕೌಂಟಿಯ ಕೈಯಲ್ಲಿದೆ, ಜನ ಓಡಾಡುವ ಜಾಗ. ವಸ್ತುಸಂಗ್ರಹಾಲಯ, ಹಿರೋಶಿಮಾ ಮೇಲೆ ಬಾಂಬ್ ಹಾಕಿದ ಎನೋಲಾ ಗೇ ವಿಮಾನ ನಿಂತಿದ್ದ ಹ್ಯಾಂಗರ್, ಬಾಂಬನ್ನು ಕೆಳಗಿನಿಂದ ವಿಮಾನಕ್ಕೆ ಏರಿಸಲು ತೋಡಿದ ಗುಂಡಿ, ಇವನ್ನು ನೋಡೋದರಲ್ಲಿ ಯಾವ ಅಪಾಯವೂ ಇಲ್ಲ. ಬೀಗ ಹಾಕಿದ, ಚಾವಣಿ ಕುಸಿದ ಹಳೇ ಬ್ಯಾರಕ್ಕುಗಳ ಒಳಗೆ ಇಣುಕಬೇಡಿ, ಕಲ್ನಾರಿನ ಪುಡಿ ಕಣ್ಣಿಗೆ ಕಾಣೋದಿಲ್ಲ. ಕಚ್ಚಾ ರಸ್ತೆಯಲ್ಲಿ ಹೋಗೋದು ತಪ್ಪಲ್ಲ, ಆದರೆ ಗಾಡಿ ಇಳಿದು ಪೊದೆಗಳ ನಡುವೆ ಅಡ್ಡಾಡುವಾಗ ತಗಡು, ತಂತಿ, ರೆಕ್ಕೆಯಂಥದು ಕಂಡರೆ ನಿಂತುಕೊಳ್ಳಿ, ಬಂದ ಹೆಜ್ಜೆಯಲ್ಲೇ ಹಿಂದೆ ಬನ್ನಿ, ಜಾಗ ಗುರುತಿಟ್ಟುಕೊಂಡು ಫೋನ್ ಮಾಡಿ. ಮೆಟಲ್ ಡಿಟೆಕ್ಟರ್ ಹಿಡಿದು ಹೋಗೋದಂತೂ ಬೇಡವೇ ಬೇಡ. ಹೆದ್ದಾರಿಯ ಎರಡೂ ಬದಿಗೆ ದೂರದವರೆಗೆ ಇರುವ ಹಳೇ ಬಾಂಬ್ ಬಯಲಿನ ದೊಡ್ಡ ಭಾಗ ಇವತ್ತಿಗೂ ವಾಯುಪಡೆಯ ಚಾಲ್ತಿ ರೇಂಜ್. ಅಲ್ಲಿ ಬೇಲಿ ಇಲ್ಲದ ಕಡೆಯೂ ಎಚ್ಚರಿಕೆ ಫಲಕ ಇದ್ದರೆ ಅದೇ ಬೇಲಿ ಎಂದುಕೊಳ್ಳಿ.

ಹುಡುಗನಿಗೆ ಬೈಯಬೇಡಿ. ಅಭ್ಯಾಸದ ಬಾಂಬ್ ಬೇಕೇ ಬೇಕು ಎಂದು ಅವನು ಹಟ ಹಿಡಿದರೆ ಅಂಗಡಿಯಲ್ಲಿ, ಆನ್‌ಲೈನಿನಲ್ಲಿ 'ಖಾಲಿ ಮಾಡಿದ್ದು' ಎಂದು ಮಾರುತ್ತಾರೆ. ಅದನ್ನೂ ಕೊಳ್ಳಬೇಡಿ ಅಂತಲೇ ನನ್ನ ಸಲಹೆ. ಖಾಲಿ ಮಾಡಿದವರು ಯಾರು, ಹೇಗೆ ಮಾಡಿದರು ಅನ್ನೋದಕ್ಕೆ ಮಾರುವವನ ಮಾತು ಬಿಟ್ಟರೆ ಬೇರೆ ಸಾಕ್ಷಿ ಸಿಗೋದಿಲ್ಲ.